ಗಣಕಯಂತ್ರ ಕನ್ನಡ ಕಲಿತ ದಾರಿ

ಬೀದರ್ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳಿಬರುತ್ತವೆ. ಇಂದು ಬೀದರ್ ನಗರದ ಮೈಲೂರಿನ ವಿದ್ಯಾರ್ಥಿಯೊಬ್ಬ ಮೊಬೈಲ್ ಫೋನ್ ಎದುರು ಈ ನಾಲ್ಕರಲ್ಲಿ ಯಾವುದರಲ್ಲಿ ಮಾತನಾಡಿದರೂ ಆಯಾ ಲಿಪಿಯ ಅಕ್ಷರಗಳು ಪರದೆಯ ಮೇಲೆ ಮೂಡುತ್ತವೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆ ಮಾತನ್ನು ಬರಹವಾಗಿಸುವ ತನ್ನ ಸೌಲಭ್ಯವನ್ನು ಭಾರತದ ಇನ್ನೂ 8 ಭಾಷೆಗಳಿಗೆ ವಿಸ್ತರಿಸಿದಾಗ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ನೋಡಿದವರಿಗೆ ಇದು ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ತಂತ್ರಾಂಶ ಬರೆಯುವ ಎಂಜಿನಿಯರನ್ನು ಕೇಳಿ ನೋಡಿ. ಈ ಉಪಕರಣಗಳೆಲ್ಲ ಒಂದು ಪಟ್ಟಿಯ ಮೇಲೆ ನಿಂತಿವೆ ಎಂದು ಅವರು ಹೇಳುತ್ತಾರೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟ ಪಟ್ಟಿ ಅದು. ಪರದೆಯ ಮೇಲೆ ತೋರಿಸಿದರೆ ಅಷ್ಟೇನೂ ಚೆಂದ ಕಾಣದ ಈ ವಿಷಯವನ್ನು ಕಾರ್ಯಕ್ರಮದಲ್ಲಿ ಹಿಡಿಯುವುದು ಕಷ್ಟವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಾಲ್ಕಿಯ ಕಡೆ ಒಮ್ಮೆ ತಿರುಗಿ ನೋಡೋಣ. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದಲ್ಲೂ ಶಾಲೆಯಲ್ಲೂ ಉರ್ದುವಿಗೇ ಪ್ರಾಧಾನ್ಯ. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ಗಣಕಯಂತ್ರದಲ್ಲಿ ಕನ್ನಡದ ಮೊದಲ ವರ್ಷಗಳ ಸ್ಥಿತಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಹೊರಗೆ ಪರದೆಯ ಮೇಲೆ ಅಚ್ಚಗನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ!

ಇದು ಹೇಗೆ ಎಂದು ತಿಳಿಯಬೇಕಾದರೆ ಗಣಕಯಂತ್ರಕ್ಕೆ ಅಕ್ಷರಜ್ಞಾನವೇ ಇಲ್ಲವೆಂಬುದನ್ನು ನೆನಪಿಡಬೇಕು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ 128 ಸ್ಥಾನಗಳಿದ್ದವು. ಇಂಗ್ಲಿಷಿಗೆ ಅದು ಧಾರಾಳವಾಗಿ ಸಾಕು. ಮುಂದೆ ಸ್ಥಾನಗಳು 256 ಆದವು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದ ಕನ್ನಡಕ್ಕೆ ಅದೂ ಸಾಲದು. ಆಗ ನಮ್ಮ ತಂತ್ರಾಂಶ ತಯಾರಕರು ಬೆರಳಚ್ಚು ಯಂತ್ರದ ಹಳೆಯ ಉಪಾಯವನ್ನೇ ಹಿಡಿದರು. ಅಕ್ಷರವನ್ನು ತುಂಡು ಮಾಡಿದರು. ತಲಕಟ್ಟಿಲ್ಲದ ಒಡಲು ಒಂದು ತುಂಡು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ಈ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿ ಒಂದು ಅಕ್ಷರಶೈಲಿ ಮಾಡಿದರೆ ಆಯಿತು. ಯಂತ್ರ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದು ತಿಳಿದಿರುತ್ತದೆ, ಓದುವವರ ಕಣ್ಣಿಗೆ ಕನ್ನಡ ಕಾಣುತ್ತದೆ.

ಲಗ್ನಪತ್ರಿಕೆಗೂ ಕರಪತ್ರಕ್ಕೂ ಈ ಉಪಾಯ ಸಾಕಾಗಿತ್ತು. ಮೊಳೆ ಜೋಡಿಸುವ ಮುದ್ರಣಾಲಯಗಳು ಡಿ.ಟಿ.ಪಿ. ಅಂಗಡಿಗಳಾಗಿ ಬದಲಾದದ್ದು ಶ್ರೀಲಿಪಿ, ಆಕೃತಿ, ಪ್ರಕಾಶಕದಂಥ ತಂತ್ರಾಂಶಗಳ ಬಲದಿಂದ. ತೊಡಕು ಬಂದದ್ದು ಬೇರೆ ಕಡೆ. ಯಾವ ತುಂಡು ಯಾವ ಸ್ಥಾನದಲ್ಲಿರಬೇಕೆಂದು ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅಡ್ಡಾದಿಡ್ಡಿ ಗುರುತುಗಳ ರಾಶಿ. ನಾನು ಟಿವಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರಗಿನಿಂದ ಬಂದ ಸಂಭಾಷಣೆಯ ಕಡತವೊಂದು ಹೀಗೇ ತೆರೆದುಕೊಂಡು, ಕೊನೆಗೆ ಬರೆದವರೇ ದೂರವಾಣಿಯಲ್ಲಿ ಎಲ್ಲವನ್ನೂ ಓದಿ ಹೇಳಬೇಕಾಯಿತು. ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಇನ್ನೂ ಕಷ್ಟ. ತುಂಡುಗಳ ರಾಶಿಯಲ್ಲಿ ‘ಕ’ ಆದ ಮೇಲೆ ‘ಖ’ ಬರುತ್ತದೆಂದು ಯಂತ್ರಕ್ಕೆ ಹೇಳುವವರಾರು? ಸೇರು ಊರೂರಿಗೆ ಬೇರೆಯಾಗಿದ್ದ ಕಾಲದ ವ್ಯಾಪಾರದಂತಿತ್ತು ಪರಿಸ್ಥಿತಿ.

ಒಪ್ಪಂದದ ಪ್ರಯತ್ನಗಳು ನಡೆದೇ ಇರಲಿಲ್ಲ ಎಂದಲ್ಲ. ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಸಂಶೋಧನೆ ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಅಲ್ಲಿ ತಯಾರಾದ ಜಿಸ್ಟ್ ಎಂಬ ಕಾರ್ಡನ್ನು ಗಣಕಯಂತ್ರಕ್ಕೆ ಸೇರಿಸಿದರೆ ಅದು ನಮ್ಮ ಲಿಪಿಗಳನ್ನು ತೋರಿಸುತ್ತಿತ್ತು. ಅದರ ಹಿಂದಿದ್ದ ವಿಚಾರ ಕಾರ್ಡಿಗಿಂತ ದೊಡ್ಡದು. ದೇವನಾಗರಿ, ಕನ್ನಡ, ತೆಲುಗು ಎಲ್ಲ ಬ್ರಾಹ್ಮಿಯ ಮಕ್ಕಳು. ರೂಪ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ. ಆದ್ದರಿಂದ ಎಲ್ಲಕ್ಕೂ ಒಂದೇ ಸಂಕೇತ ಸಾಕು. ಇಸ್ಕಿ ಎಂದು ಹೆಸರಾದ ಈ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಇದಕ್ಕೆ ಹೊಂದುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಔರಾದಿನಲ್ಲಿ ಮರಾಠಿ ಬೆರಳಚ್ಚು ಕಲಿತವರು ಅದೇ ಬೆರಳುಗಳಿಂದ ಕನ್ನಡವನ್ನೂ ತೆಲುಗನ್ನೂ ಹೊಡೆಯಬಹುದು. ಗಡಿಜಿಲ್ಲೆಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇನ್ನೊಂದಿರಲಾರದು. ಉರ್ದು ಮಾತ್ರ ಬಲದಿಂದ ಎಡಕ್ಕೆ ಸಾಗುವ ಬೇರೆ ಮನೆತನದ ಲಿಪಿಯಾದ್ದರಿಂದ ಈ ಕುಟುಂಬದಲ್ಲಿ ಸೇರಲಿಲ್ಲ.

ಜನ ಕೈಗೆತ್ತಿಕೊಂಡದ್ದು ಬೇರೆ ಜೋಡಣೆಯನ್ನು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಕೀಲಿಗಳಲ್ಲೇ ಕನ್ನಡ ವರ್ಣಮಾಲೆಯನ್ನು ಉಚ್ಚಾರಕ್ಕೆ ತಕ್ಕಂತೆ ಕೂರಿಸಿದರು. ‘ಕೆ’ ಕೀಲಿ ಒತ್ತಿದರೆ ‘ಕ’, ಶಿಫ್ಟ್ ಜೊತೆಗೆ ಒತ್ತಿದರೆ ‘ಖ’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ತಮ್ಮ ತಂತ್ರಾಂಶಕ್ಕಿಟ್ಟು, ಅದನ್ನು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಅದೂ ಉಚಿತವಾಗಿಯೇ ಸಿಗುತ್ತಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ರಾವ್ ಅವರ ಜೋಡಣೆಯನ್ನು ಬಳಸಿ ಸರ್ಕಾರಿ ಕಚೇರಿಗಳಿಗೆಲ್ಲ ಒಯ್ದಿತು. ಹಾಗೆಂದು ತುಂಡುಗಳ ಪದ್ಧತಿ ಹೋಗಲಿಲ್ಲ, ತುಂಡುಗಳ ಸ್ಥಾನದಲ್ಲಿ ಸ್ವಲ್ಪ ಶಿಸ್ತು ಬಂತು ಅಷ್ಟೆ.

ಗೊಂದಲ ನಿಜವಾಗಿ ಬಗೆಹರಿದದ್ದು ಯುನಿಕೋಡಿನಿಂದ. 1991ರ ಅಕ್ಟೋಬರಿನಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಮನೆ ಸಿಕ್ಕಿತ್ತು. ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದರಿಂದ ಅದರಲ್ಲಿ ಒಂದು ಸೊಗಸಾದ ಲೆಕ್ಕ ಉಳಿದುಕೊಂಡಿದೆ. ಕನ್ನಡದ ‘ಕ’ಕಾರದ ಸಂಖ್ಯೆ 3221, ತೆಲುಗಿನದು 3093. ಕಳೆದು ನೋಡಿ, ವ್ಯತ್ಯಾಸ ಸರಿಯಾಗಿ 128. ಮರಾಠಿಯ ‘ಕ’ 2325. ತೆಲುಗಿನ ಸಂಖ್ಯೆಗೂ ಅದಕ್ಕೂ ವ್ಯತ್ಯಾಸ 768, ಅಂದರೆ 128ರ ಆರರಷ್ಟು. ಉರ್ದುವಿನ ಕಾಫ್ ಅಕ್ಷರಕ್ಕೆ 1705. ನಾಲ್ವರಿಗೂ ಒಂದೇ ಊರಿನಲ್ಲಿ ಬೇರೆ ಬೇರೆ ಮನೆ ಸಂಖ್ಯೆ ಸಿಕ್ಕಿದಂತಾಯಿತು. ಒಂದೇ ಪುಟದಲ್ಲಿ ನಾಲ್ಕನ್ನೂ ಬರೆದರೆ ಯಾವುದೂ ಇನ್ನೊಂದರ ವೇಷ ಹಾಕಬೇಕಿಲ್ಲ.

ಈ ಪದ್ಧತಿಯಲ್ಲಿ ಆಕಾರದ ತುಂಡುಗಳಿಲ್ಲ, ವರ್ಣಗಳಿವೆ. ‘ಕನ್ನಡ’ ಎಂಬ ಪದ 3221, 3240, 3277, 3240, 3233 ಎಂದು ಸಂಗ್ರಹವಾಗುತ್ತದೆ. ನಡುವಿನ 3277 ಎಂಬುದು ಹಲಂತದ ಚಿಹ್ನೆ. ಅದನ್ನು ಕಂಡೊಡನೆ ಮುಂದಿನ ‘ನ’ವನ್ನು ಒತ್ತಾಗಿ ಕೆಳಗಿಳಿಸುವುದು ಅಕ್ಷರಶೈಲಿಯ ಮತ್ತು ಯಂತ್ರದ ಕೆಲಸ. ಈ ಕೆಲಸ ಸುಲಭದ್ದಲ್ಲ. ಪಟ್ಟಿ ಸಿದ್ಧವಾಗಿ 10 ವರ್ಷಗಳ ನಂತರ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿಯೊಂದಿಗೆ ಕನ್ನಡ ಮನೆಮನೆಯ ಗಣಕಯಂತ್ರಕ್ಕೆ ಬಂತು. ಪಟ್ಟಿಯೂ ಆಗ ಪೂರ್ಣವಾಗಿರಲಿಲ್ಲ. ಬೀದರಿನವರು ದಿನವೂ ಆಡುವ ಉರ್ದು ಮೂಲದ ಪದಗಳಲ್ಲಿನ ಜ಼, ಫ಼ ಉಚ್ಚಾರಗಳನ್ನು ತೋರಿಸಲು ಬೇಕಾದ ಅಡಿಚುಕ್ಕೆ ಕನ್ನಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ತೆರಬೇಕಾದ ಬೆಲೆಯೂ ಒಂದಿತ್ತು. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಯುನಿಕೋಡ್ ಕನ್ನಡದಲ್ಲಿ 70 ಸಂಕೇತಗಳಷ್ಟೇ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು, 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು, ಮೊಬೈಲ್ ನಮ್ಮ ಮಾತನ್ನು ಬರೆದುಕೊಳ್ಳುವುದು, ಇಂದು ಕೃತಕ ಬುದ್ಧಿಮತ್ತೆ ಕನ್ನಡದಲ್ಲಿ ಉತ್ತರಿಸುವುದು ಎಲ್ಲವೂ ಈ ಸಂಖ್ಯೆಗಳಿಂದ ಸಾಧ್ಯವಾಗಿವೆ. ಯಂತ್ರ ಕಲಿಯುವುದು ಸಂಖ್ಯೆಯ ರೂಪದಲ್ಲಿರುವ ಬರಹವನ್ನು ಓದಿ. ತುಂಡುಗಳ ಕಾಲದಲ್ಲಿ ಬರೆದದ್ದು ಅದರ ಕಣ್ಣಿಗೆ ಕನ್ನಡವೇ ಅಲ್ಲ.

ಇಲ್ಲಿ ನಿಮಗೊಂದು ಕೆಲಸವಿದೆ. ನಿಮ್ಮ ಕಾಲೇಜಿನ, ಊರಿನ ಗ್ರಂಥಾಲಯದ ಹಳೆಯ ಸ್ಮರಣ ಸಂಚಿಕೆಗಳ ಕಡತಗಳು ಯಾವುದಾದರೂ ಸಿ.ಡಿ.ಯಲ್ಲಿ ಉಳಿದಿದ್ದರೆ ಹುಡುಕಿ ತೆಗೆಯಿರಿ. ಬರಹ, ನುಡಿಯ ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತಿರುವ ಪದಗಳನ್ನು ಮಾತ್ರ ಕಣ್ಣಾರೆ ಪರೀಕ್ಷಿಸಿ. ‘ಸೂರ್ಯ’ ಎಂಬಲ್ಲಿ ಹಳೆಯ ಪದ್ಧತಿ ಕಣ್ಣಿಗೆ ಕಂಡಂತೆ ‘ಯ’ ಬರೆದು ಆಮೇಲೆ ಅರ್ಕಾವೊತ್ತನ್ನು ಇಡುತ್ತಿತ್ತು. ಯುನಿಕೋಡ್ ನಾಲಿಗೆ ನುಡಿದಂತೆ ‘ರ್’ ಮೊದಲು, ‘ಯ’ ಆಮೇಲೆ ಎನ್ನುತ್ತದೆ. ಪರಿವರ್ತಕ ತಪ್ಪುವುದಾದರೆ ಹೆಚ್ಚಾಗಿ ಅಲ್ಲೇ.