ಮಡಚುವ ಕಸಿ ಚಾಕುವಿನ ನಿರ್ವಹಣೆ: ಸಣ್ಣ ಉಪಕರಣಗಳ ಸೂಕ್ತ ಆಯ್ಕೆ

ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳ ಮಾವಿನ ತೋಟಗಳಲ್ಲಿ, ಜೋಯಿಡಾ ಹಾಗೂ ದಾಂಡೇಲಿ ಭಾಗದ ಹಲಸು, ಗೇರು ಮತ್ತು ಮುರುಗಲು ಬೆಳೆಯುವ ಹಿತ್ತಿಲುಗಳಲ್ಲಿ ರೈತರು ಸ್ವತಃ ಕಸಿ ಕಟ್ಟಿ ಸಸಿ ತಯಾರಿಸಬಹುದು. ಈ ಕೆಲಸಕ್ಕೆ ಬೇಕಾದ ಮುಖ್ಯ ಸಾಧನ ಜೇಬಿನಲ್ಲಿ ಹಿಡಿಯುವ ಮಡಚುವ ಚಾಕು. ಉತ್ತಮ ಚಾಕು ಕೊಳ್ಳಲು ತೋರುವ ಆಸಕ್ತಿಯನ್ನು ಅದರ ನಿರ್ವಹಣೆಗೆ ಬೇಕಾದ ಸಾಧನಗಳ ಆಯ್ಕೆಯಲ್ಲಿಯೂ ತೋರುವುದು ಅವಶ್ಯ. ತಪ್ಪು ಸಾಧನದಿಂದ ಮಸೆದ ಚಾಕು ಮೊಂಡು ಚಾಕುವಿನಷ್ಟೇ ಹಾನಿಕಾರಕ.

ಚಾಕುವಿನ ಹರಿತಕ್ಕೂ ಕಸಿಯ ಯಶಸ್ಸಿಗೂ ಇರುವ ಸಂಬಂಧ

ಮೃದುಕಾಂಡ ಕಸಿಯಲ್ಲಿ ಕಸಿಕಡ್ಡಿಯ ಬುಡವನ್ನು ಸುಮಾರು 4 ರಿಂದ 5 ಸೆಂ.ಮೀ. ಉದ್ದದ ಬೆಣೆಯಾಕಾರಕ್ಕೆ ಕತ್ತರಿಸಿ, ಬೇರುಸಸಿಯಲ್ಲಿ ಮಾಡಿದ ಅಷ್ಟೇ ಉದ್ದದ ಸೀಳಿನೊಳಗೆ ಕೂಡಿಸಲಾಗುತ್ತದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳುವಾದ ಬೆಳವಣಿಗೆಯ ಪದರಗಳು ಪರಸ್ಪರ ತಾಗಿದಲ್ಲಿ ಮಾತ್ರ ಕಸಿ ಕೂಡಿಕೊಳ್ಳುತ್ತದೆ. ಚಾಕು ಮೊಂಡಾಗಿದ್ದರೆ ಈ ಪದರ ಜಜ್ಜಿ ಹೋಗುತ್ತದೆ. ಕತ್ತರಿಸಿದ ಮೇಲ್ಮೈ ಅಲೆಯಂತೆ ಏರಿಳಿತವಾದರೆ ನಡುವೆ ಗಾಳಿ ಉಳಿದು ಕಡ್ಡಿ ಒಣಗುತ್ತದೆ ಅಥವಾ ಶಿಲೀಂಧ್ರ ಸೇರುತ್ತದೆ. ಒಂದು ಕಸಿ ವಿಫಲವಾದರೆ ಕಡ್ಡಿ, ಬೇರುಸಸಿ ಹಾಗೂ ಆ ಹಂಗಾಮು ಮೂರೂ ನಷ್ಟವಾಗುತ್ತವೆ. ಮುರುಗಲಿನಲ್ಲಿ ಗಂಡು ಮತ್ತು ಹೆಣ್ಣು ಮರಗಳು ಬೇರೆ ಬೇರೆಯಾಗಿದ್ದು, ಬೀಜದ ಸಸಿಯ ಲಿಂಗ ಹೂ ಬಿಡುವವರೆಗೆ ತಿಳಿಯುವುದಿಲ್ಲ. ಆದುದರಿಂದ ಹೆಣ್ಣು ಮರದಿಂದ ತಂದ ಪ್ರತಿ ಕಸಿಕಡ್ಡಿಯೂ ಅಮೂಲ್ಯ.

ಈ ಭಾಗದಲ್ಲಿ ಇನ್ನೊಂದು ತೊಡಕಿದೆ. ಕಸಿಗೆ ಅನುಕೂಲವಾದ ತೇವದ ಮಳೆಗಾಲವೇ ಚಾಕುವಿಗೆ ತುಕ್ಕು ಹಿಡಿಯುವ ಕಾಲವೂ ಹೌದು. ಮಾವು ಮತ್ತು ಗೇರಿನ ರಸ ಉಕ್ಕನ್ನು ಕಪ್ಪಾಗಿಸುತ್ತದೆ, ಹಲಸಿನ ಹಾಗೂ ಮುರುಗಲಿನ ಮೇಣ ಕೀಲಿನೊಳಗೆ ಅಂಟಿಕೊಳ್ಳುತ್ತದೆ.

ಮೊದಲು ನಿಮ್ಮ ಚಾಕುವನ್ನು ಗುರುತಿಸಿ

ಕಸಿ ಚಾಕುವಿನ ಅಲಗು ಸಾಮಾನ್ಯವಾಗಿ ಒಂದೇ ಮಗ್ಗುಲಿನಲ್ಲಿ ಇಳಿಜಾರಾಗಿದ್ದು, ಇನ್ನೊಂದು ಮಗ್ಗುಲು ಸಪಾಟಾಗಿರುತ್ತದೆ. ಬೆಣೆಯ ಮುಖ ಸಮತಟ್ಟಾಗಿ ಬರಲು ಇದೇ ಕಾರಣ. ಅಡುಗೆಮನೆಯ ಹಾಗೂ ಸಾಮಾನ್ಯ ಜೇಬು ಚಾಕುಗಳಿಗೆ ಎರಡೂ ಮಗ್ಗುಲು ಇಳಿಜಾರಿರುತ್ತದೆ. ಎಡಗೈ ಬಳಸುವವರು ಇಳಿಜಾರು ವಿರುದ್ಧ ಮಗ್ಗುಲಿನಲ್ಲಿರುವ ಚಾಕುವನ್ನೇ ಕೇಳಿ ಪಡೆಯಬೇಕು. ಕಾರ್ಬನ್ ಉಕ್ಕಿನ ಅಲಗು ಬೇಗ ಹರಿತವಾಗುತ್ತದೆ, ಆದರೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ, ಮಸೆಯಲು ಹೆಚ್ಚು ಸಮಯ ಬೇಡುತ್ತದೆ.

ಆಯ್ದುಕೊಳ್ಳಬೇಕಾದ ಸಾಧನಗಳು

1. ಸಾಣೆಕಲ್ಲು: ಒಂದು ಮುಖ ಒರಟು, ಇನ್ನೊಂದು ಮುಖ ನಯವಾಗಿರುವ ಜೋಡಿ ಕಲ್ಲು ಸಾಕು. ಒರಟು ಮುಖ 300–400 ಗ್ರಿಟ್, ನಯ ಮುಖ 1000 ಗ್ರಿಟ್ ಅಥವಾ ಅದಕ್ಕಿಂತ ಹೆಚ್ಚು ಇರಲಿ. ಉದ್ದ 15 ರಿಂದ 20 ಸೆಂ.ಮೀ., ಅಗಲ ಸುಮಾರು 5 ಸೆಂ.ಮೀ. ಇದ್ದರೆ ಅಲಗು ಪೂರ್ಣವಾಗಿ ಕೂಡುತ್ತದೆ. ಕೊಳ್ಳುವಾಗ ಕಲ್ಲಿನ ಮೇಲೆ ಸ್ಕೇಲನ್ನು ಅಂಚಿನಲ್ಲಿ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಆ ಕಲ್ಲು ತಗ್ಗಾಗಿದೆ, ಅದರಲ್ಲಿ ಸಪಾಟು ಮಗ್ಗುಲು ಕೆಡುತ್ತದೆ. ನೀರು ಬಳಸುವ ಕಲ್ಲಿಗೆ ಎಣ್ಣೆ ಹಾಕಬಾರದು.

2. ಚರ್ಮದ ಪಟ್ಟಿ: ಹಳೆಯ ಬೆಲ್ಟಿನ ತುಂಡನ್ನು ಹಲಗೆಗೆ ಅಂಟಿಸಿಕೊಂಡರೆ ಸಾಕು. ಚರ್ಮ ಗಟ್ಟಿಯಾಗಿ, ಒಣಗಿರಬೇಕು.

3. ಸ್ಕ್ರೂಡ್ರೈವರ್: ಕೀಲಿನ ತಿರುಪಿನ ಗಾಡಿಗೆ ಬಿಗಿಯಾಗಿ ಕೂಡುವ ಅಳತೆಯದೇ ಬೇಕು. ಸಣ್ಣದಾದರೆ ತಿರುಪಿನ ತಲೆ ಸವೆದು ಮುಂದೆ ಬಿಚ್ಚಲು ಬಾರದು. ಕೆಲವು ಹೊಸ ಚಾಕುಗಳಲ್ಲಿ ನಕ್ಷತ್ರಾಕಾರದ ಗುಂಡಿಯ ತಿರುಪು ಇರುತ್ತದೆ, ಅದಕ್ಕೆ ಅದೇ ಆಕಾರದ ಸಾಧನ ಬೇಕು. ರಿವೆಟ್ ಹೊಡೆದ ಚಾಕುವನ್ನು ಬಿಚ್ಚುವ ಪ್ರಯತ್ನ ಮಾಡಬಾರದು. ಸಡಿಲಗೊಂಡಿದ್ದರೆ ಕಮ್ಮಾರರಲ್ಲಿ ಬಿಗಿ ಮಾಡಿಸಿ.

4. ಕೀಲು ಸ್ವಚ್ಛಗೊಳಿಸಲು: ಹಳೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಚೂಪಾದ ಕಡ್ಡಿ ಮತ್ತು ಹತ್ತಿ ಬಟ್ಟೆ. ಕೀಲಿನೊಳಗೆ ಮೊಳೆ ಅಥವಾ ಸೂಜಿ ಹಾಕಿದರೆ ಉಕ್ಕು ಗೀಚಿ ಅಲ್ಲಿಯೇ ತುಕ್ಕು ಆರಂಭವಾಗುತ್ತದೆ.

5. ಎಣ್ಣೆ: ಹೊಲಿಗೆ ಯಂತ್ರದ ತೆಳು ಎಣ್ಣೆ ಉತ್ತಮ. ಕುಸುಬೆ, ಸೂರ್ಯಕಾಂತಿ ಮುಂತಾದ ಅಡುಗೆ ಎಣ್ಣೆಗಳು ಗಾಳಿಗೆ ಜಿಗುಟಾಗುತ್ತವೆ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಗಡುಸಾಗುತ್ತದೆ. ಹಲಸಿನ ಮೇಣ ತೆಗೆಯಲು ಮಾತ್ರ ಕೊಬ್ಬರಿ ಎಣ್ಣೆ ಉಪಯುಕ್ತ, ಬಳಿಕ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು.

6. ಸೋಂಕು ನಿವಾರಣೆಗೆ: ಶೇ. 70ರ ಸ್ಪಿರಿಟ್ ಮತ್ತು ಹತ್ತಿ. ಬ್ಲೀಚಿಂಗ್ ದ್ರಾವಣ ಉಕ್ಕನ್ನು ತಿನ್ನುತ್ತದೆ. ಸ್ಪಿರಿಟ್ ಬಾಟಲಿಯನ್ನು ಬೆಂಕಿ, ಬೀಡಿ ಹಾಗೂ ದೀಪದಿಂದ ದೂರವಿಡಿ.

ಕೊಳ್ಳಬಾರದ ಸಾಧನಗಳು

ಅಲಗನ್ನು ಗಾಡಿಯಲ್ಲಿ ಎಳೆದು ಮಸೆಯುವ ಸಿದ್ಧ ಸಾಧನಗಳು ಎರಡೂ ಮಗ್ಗುಲನ್ನು ಏಕಕಾಲಕ್ಕೆ ಕೆರೆಯುತ್ತವೆ. ತರಕಾರಿ ಚಾಕುವಿಗೆ ಇವು ಸರಿ, ಕಸಿ ಚಾಕುವಿನ ಸಪಾಟು ಮಗ್ಗುಲನ್ನು ಮಾತ್ರ ಶಾಶ್ವತವಾಗಿ ಹಾಳುಮಾಡುತ್ತವೆ. ವಿದ್ಯುತ್ ಸಾಣೆ ಯಂತ್ರದಲ್ಲಿ ತೆಳು ಅಲಗು ಬೇಗ ಕಾಯುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಬೇಕು, ಅನಂತರ ಎಷ್ಟು ಮಸೆದರೂ ಹರಿತ ನಿಲ್ಲದು.

ಮಸೆಯುವ ಕ್ರಮ

• ನೀರಿನ ಕಲ್ಲನ್ನು ಸುಮಾರು 10 ನಿಮಿಷ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಅಲುಗಾಡದಂತೆ ಇಡಿ.
• ಅಲಗನ್ನು ಪೂರ್ಣ ಬಿಚ್ಚಿರಿ. ಬೀಗವಿಲ್ಲದ ಚಾಕು ಬೆನ್ನಿನ ಮೇಲೆ ಒತ್ತಿದರೆ ಮಡಚಿಕೊಂಡು ಬೆರಳಿಗೆ ಗಾಯವಾದೀತು.
• ಇಳಿಜಾರು ಮಗ್ಗುಲನ್ನು ಮೂಲ ಕೋನದಲ್ಲಿಯೇ ಕಲ್ಲಿಗೆ ಕೂಡಿಸಿ, ಬುಡದಿಂದ ತುದಿಯವರೆಗೆ ಒಂದೇ ಒತ್ತಡದಲ್ಲಿ ಮಸೆಯಿರಿ. ಅಂಚಿನಲ್ಲಿ ಕಚ್ಚು ಬಿದ್ದಿದ್ದರೆ ಮಾತ್ರ ಒರಟು ಮುಖ ಬಳಸಿ.
• ಸಪಾಟು ಮಗ್ಗುಲಿನ ಅಂಚಿನುದ್ದಕ್ಕೂ ನವಿರಾದ ಲೋಹದ ಎಳೆ ಎದ್ದಾಗ ನಿಲ್ಲಿಸಿ. ಆ ಮಗ್ಗುಲನ್ನು ನಯ ಮುಖದ ಮೇಲೆ ಪೂರ್ಣ ಮಲಗಿಸಿ 2–3 ಬಾರಿ ಮಾತ್ರ ಎಳೆಯಿರಿ.
• ಚರ್ಮದ ಪಟ್ಟಿಯ ಮೇಲೆ ಅಲಗಿನ ಬೆನ್ನು ಮುಂದಾಗುವಂತೆ ಎರಡೂ ಮಗ್ಗುಲು ಸುಮಾರು 10 ಬಾರಿ ಎಳೆಯಿರಿ.
• ಹರಿತವನ್ನು ಹೆಬ್ಬೆರಳಿನಿಂದ ಪರೀಕ್ಷಿಸಬೇಡಿ. ಮಾವಿನ ಎಳೆ ಕಡ್ಡಿಯನ್ನು ಒಂದೇ ಎಳೆತದಲ್ಲಿ ಕತ್ತರಿಸಿ. ಮುಖ ನುಣುಪಾಗಿ ಹೊಳೆದರೆ ಚಾಕು ಸಿದ್ಧ, ನಾರು ಎದ್ದರೆ ಮತ್ತೆ ಮಸೆಯಬೇಕು.

ದಿನನಿತ್ಯದ ಆರೈಕೆ

ಕಸಿ ಕಟ್ಟುವಾಗ ತಾಯಿಮರ ಬದಲಾದಾಗಲೆಲ್ಲ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಡಿ. ನಿಂಬೆಯ ಕಜ್ಜಿರೋಗ ಕತ್ತರಿಸುವ ಸಾಧನಗಳ ಮೂಲಕವೂ ಹರಡುತ್ತದೆ. ಕಬ್ಬಿನ ಕುಳೆ ಕುಂಠಿತ ರೋಗ ಬಿತ್ತನೆ ತುಂಡು ಕಡಿಯುವ ಕತ್ತಿಯಿಂದ ಹರಡುವುದನ್ನು ಹಳಿಯಾಳದ ಕಬ್ಬು ಬೆಳೆಗಾರರು ನೆನಪಿಡಬೇಕು, ತತ್ವ ಎರಡಕ್ಕೂ ಒಂದೇ. ಮಡಚುವ ಚಾಕುವಿನಲ್ಲಿ ಅಲಗು ಶುಚಿಯಾಗಿ ಕಂಡರೂ ಅದು ಕೂಡುವ ಗಾಡಿಯಲ್ಲಿ ರಸ ಮತ್ತು ತೊಗಟೆಯ ಪುಡಿ ಉಳಿದಿರುತ್ತದೆ. ಮಡಚಿದ ಕೂಡಲೇ ಅಲಗು ಮತ್ತೆ ಮಲಿನವಾಗುತ್ತದೆ. ಆದುದರಿಂದ ಗಾಡಿಯನ್ನೂ ಬ್ರಷ್‌ನಿಂದ ಶುಚಿಗೊಳಿಸಬೇಕು.

ದಿನದ ಕೆಲಸ ಮುಗಿದ ಮೇಲೆ ಚಾಕುವನ್ನು ಒರೆಸಿ, ಬಿಚ್ಚಿದ ಸ್ಥಿತಿಯಲ್ಲಿ ಮಕ್ಕಳ ಕೈಗೆ ಸಿಗದ ಕಡೆ ಪೂರ್ತಿ ಆರಿಸಿ, ಕೀಲಿಗೆ ಒಂದೇ ಹನಿ ಎಣ್ಣೆ ಬಿಟ್ಟು, ಅಲಗಿಗೆ ತೆಳುವಾಗಿ ಸವರಿ. ಮರುದಿನ ಕಸಿಗೆ ಮುಂಚೆ ಈ ಎಣ್ಣೆಯನ್ನು ಸ್ಪಿರಿಟ್‌ನಿಂದ ತೆಗೆಯುವುದು ಕಡ್ಡಾಯ. ಕತ್ತರಿಸಿದ ಮುಖಕ್ಕೆ ಎಣ್ಣೆ ತಾಗಿದರೆ ಕಸಿ ಕೂಡಿಕೊಳ್ಳಲು ಅಡ್ಡಿಯಾಗುತ್ತದೆ. ಮಳೆಗಾಲದಲ್ಲಿ ಚಾಕುವನ್ನು ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ತೇವವನ್ನು ಹಿಡಿದಿಡುತ್ತದೆ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ.

ಗಮನಿಸಿ

• ಕಸಿಗೆ ಮೀಸಲಾದ ಚಾಕುವಿನಿಂದ ಹಗ್ಗ, ತಂತಿ, ಗೊಬ್ಬರದ ಚೀಲ ಕತ್ತರಿಸಬೇಡಿ. ಅದಕ್ಕೆ ಬೇರೆ ಚಾಕು ಇಟ್ಟುಕೊಳ್ಳಿ.
• ಅಲಗು ಅಕ್ಕಪಕ್ಕ ಅಲುಗಾಡಿದರೆ ಕೀಲನ್ನು ಸರಿಪಡಿಸದೆ ಕಸಿಗೆ ಬಳಸಬೇಡಿ.
• ಖರ್ಚಿಗೆ ಮಿತಿ ಇದ್ದಲ್ಲಿ ಮೊದಲು ನಯವಾದ ಸಪಾಟು ಸಾಣೆಕಲ್ಲನ್ನು ಕೊಳ್ಳಿ. ಉಳಿದವುಗಳಲ್ಲಿ ಬಹುಪಾಲು ಮನೆಯಲ್ಲಿಯೇ ದೊರೆಯುತ್ತವೆ.

ಈ ಸಿದ್ಧತೆಯನ್ನು ಮಳೆ ಆರಂಭಕ್ಕೆ ಮುಂಚೆಯೇ, ಮೇ ತಿಂಗಳಿನಲ್ಲಿ ಮುಗಿಸಿಕೊಳ್ಳುವುದು ಸೂಕ್ತ. ಹೊಸಬರು ಬೇಡದ ಕಡ್ಡಿಗಳ ಮೇಲೆ ಬೆಣೆ ಕತ್ತರಿಸುವುದನ್ನು ಅಭ್ಯಾಸ ಮಾಡಿದ ನಂತರವೇ ಕಸಿಕಡ್ಡಿಗೆ ಕೈ ಹಾಕಬೇಕು. ಹೆಚ್ಚಿನ ಮಾರ್ಗದರ್ಶನಕ್ಕೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.