ಆಯ್ದಕ್ಕಿಯ ಅಳತೆ

ಕ್ರಿ. ಶ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯು ದಾಸೋಹಕ್ಕೆ ಹೆಸರಾಗಿದ್ದಿತು. ಅದರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನವರ ಕಾಯಕ. ಇವರೂ ಧರ್ಮಪತ್ನಿ ಲಕ್ಕಮ್ಮನವರೂ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಇವರ ವಚನಗಳ ಅಂಕಿತದಲ್ಲಿ ಅಮರೇಶ್ವರಲಿಂಗವೆಂಬ ಹೆಸರಿರುವುದು. ತುಳಿತಕ್ಕೆ ಸಿಕ್ಕಿ ಮಣ್ಣುಪಾಲಾಗತಕ್ಕ ಕಾಳುಗಳು ಈ ದಂಪತಿಗಳ ಮನೆಯಲ್ಲಿ ಜಂಗಮದಾಸೋಹಕ್ಕೆ ಸಲ್ಲುತ್ತಿದ್ದುವು.

ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ತಂದಲ್ಲಿಯೇ ಸುರಿದು ಬರಬೇಕೆಂದರು. ಶೂನ್ಯಸಂಪಾದನೆಯಲ್ಲಿ ಬಂದಿರುವ ಈ ಪ್ರಸಂಗವನ್ನು ಬಡವರ ಸಂತೃಪ್ತಿಯ ಕಥೆಯೆಂದು ಹೇಳುವ ವಾಡಿಕೆಯುಂಟು. ನಮಗೆ ಅಷ್ಟೇ ಎಂದು ತೋರುವುದಿಲ್ಲ. ಹಾಳಾಗುವುದನ್ನು ಉಳಿಸುವುದು ಮಾರಯ್ಯನವರ ಕಾಯಕವಾದರೆ, ಉಳಿಸಿ ತಂದುದಕ್ಕೂ ಮಿತಿಯುಂಟೆಂದು ತಿಳಿಸಿದವರು ಲಕ್ಕಮ್ಮನವರು. ನೆಲದಿಂದ ಆಯ್ದ ಅಕ್ಕಿಯೂ ನಾಳೆಗೆಂದು ಗಡಿಗೆ ಸೇರಿದರೆ ಇನ್ನೊಬ್ಬರ ಪಾಲನ್ನು ತಡೆದಂತೆಯೇ ಎಂಬುದು ಆ ತಾಯಿಯ ಭಾವವಿರಬೇಕು.

ಇಂದಿನ ಜಾತ್ರೆ ಮದುವೆಗಳ ಪಂಕ್ತಿಯೆದ್ದ ಮೇಲೆ ಎಲೆಗಳಲ್ಲಿ ಉಳಿದಿರುವ ಅನ್ನವನ್ನು ನೋಡಿದರೆ, ಹೇಳುವುದಕ್ಕೆ ಸಂಕೋಚವಾಗುವುದು, ಮಾರಯ್ಯನವರಿಗೆ ಆಯಲು ಅಂಗಳವೇ ಬೇಕಾಗಲಾರದು. ಆದರೂ ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೇ ಸೇವಿಸುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇರುವರು.