ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪರೀಕ್ಷಾ ಸಿದ್ಧತೆ

ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪರೀಕ್ಷಾ ಸಿದ್ಧತೆ ಎಂಬುದು ಕರ್ನಾಟಕದ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಇಂಗ್ಲಿಷ್ ಪತ್ರಿಕೆಗಾಗಿ ಪಠ್ಯ, ವ್ಯಾಕರಣ ಹಾಗೂ ಬರವಣಿಗೆಯನ್ನು ಪುನರಾವರ್ತನೆ ಮಾಡುವ ಕ್ರಮವಾಗಿದೆ. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆಯಾಗಿದ್ದು, ಭಾಷೆ ಮತ್ತು ಸಾಹಿತ್ಯ ಎರಡನ್ನೂ ಒಂದೇ ಪತ್ರಿಕೆಯಲ್ಲಿ ಪರೀಕ್ಷಿಸಲಾಗುತ್ತದೆ. ಮನೆಯಲ್ಲಿಯೂ ಊರಿನಲ್ಲಿಯೂ ಇಂಗ್ಲಿಷ್ ಕೇಳಿಬರದ ಗ್ರಾಮೀಣ ಪ್ರದೇಶಗಳಲ್ಲಿ ಈ ಸಿದ್ಧತೆಯು ಬಹುಮಟ್ಟಿಗೆ ಕಂಠಪಾಠವನ್ನು ಅವಲಂಬಿಸಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಂತಹ ಪಟ್ಟಣಗಳು ಹಾಗೂ ಅವುಗಳ ಸುತ್ತಲಿನ ಹಳ್ಳಿಗಳು ಇಂತಹ ಪ್ರದೇಶಕ್ಕೆ ಸೇರುತ್ತವೆ.

ಹಿನ್ನೆಲೆ

ಬಳ್ಳಾರಿಯಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ದೀರ್ಘ ಇತಿಹಾಸವಿದೆ. ಲಂಡನ್ ಮಿಷನ್ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿ ನೆಲೆಸಿದರು. 1846ರಲ್ಲಿ ಸ್ಥಾಪನೆಯಾದ ವಾರ್ಡ್‌ಲಾ ಶಾಲೆಯು ಜಿಲ್ಲೆಯ ಹಳೆಯ ಇಂಗ್ಲಿಷ್ ಶಾಲೆಗಳಲ್ಲಿ ಒಂದು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಕನ್ನಡ ಪ್ರದೇಶವು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಸಿರುಗುಪ್ಪ ತಾಲ್ಲೂಕು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವುದರಿಂದ ಇಲ್ಲಿ ಕನ್ನಡದೊಂದಿಗೆ ತೆಲುಗು ಮತ್ತು ಉರ್ದು ಭಾಷೆಗಳೂ ಬಳಕೆಯಲ್ಲಿವೆ. ಆದುದರಿಂದ ಇಲ್ಲಿನ ಅನೇಕ ಮಕ್ಕಳಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಅಥವಾ ನಾಲ್ಕನೆಯ ಭಾಷೆ.

ಪ್ರೌಢಶಾಲೆಯ ಭಾಷಾ ವ್ಯವಸ್ಥೆಯ ಕುರಿತ ಚರ್ಚೆಯಲ್ಲಿ ವಿ. ಕೃ. ಗೋಕಾಕ್ ಅಧ್ಯಕ್ಷತೆಯ ಸಮಿತಿಯ ವರದಿಯು ಮುಖ್ಯ ಘಟ್ಟವಾಗಿದೆ. 1981ರಲ್ಲಿ ಸಲ್ಲಿಕೆಯಾದ ಈ ವರದಿಯು ಕನ್ನಡವನ್ನು 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಿಸಬೇಕೆಂದು ಶಿಫಾರಸು ಮಾಡಿತು. ಅದರ ಜಾರಿಗಾಗಿ 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ಅದೇ ಗೋಕಾಕರು ಇಂಗ್ಲಿಷಿನಲ್ಲಿ ಬರೆದ 'ದ ಸಾಂಗ್ ಆಫ್ ಇಂಡಿಯಾ' ಎಂಬ ಕವಿತೆಯು ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಸೇರಿದೆ.

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಹಿಂದೆ ಐದನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲಾಗುತ್ತಿತ್ತು. 2007–08ನೆಯ ಸಾಲಿನಿಂದ ಒಂದನೆಯ ತರಗತಿಯಿಂದಲೇ ಅದನ್ನು ಒಂದು ವಿಷಯವಾಗಿ ಬೋಧಿಸುವ ವ್ಯವಸ್ಥೆ ಬಂದಿತು. ಇಂಗ್ಲಿಷ್ ಶಿಕ್ಷಕರ ತರಬೇತಿಗಾಗಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಬೆಂಗಳೂರಿನಲ್ಲಿದೆ.

ಪರೀಕ್ಷೆಯ ಸ್ವರೂಪ

ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳಿವೆ. ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಓದುವವರಿಗೆ 80 ಅಂಕಗಳ ಲಿಖಿತ ಪರೀಕ್ಷೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇರುತ್ತವೆ. ಲಿಖಿತ ಪರೀಕ್ಷೆಯ ಅವಧಿಯು ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷಗಳೂ ಸೇರಿ 3 ಗಂಟೆ. ಉತ್ತೀರ್ಣತೆಗೆ ಬಹುಕಾಲ ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ 28, ಒಟ್ಟಾರೆ 35 ಅಂಕಗಳ ನಿಯಮವಿತ್ತು. 2025ರ ಅಕ್ಟೋಬರ್‌ನಲ್ಲಿ ಈ ಮಿತಿಯ ಸಡಿಲಿಕೆಯನ್ನು ಸರ್ಕಾರ ಪ್ರಕಟಿಸಿತು. ಅದರಂತೆ ಪ್ರತಿ ವಿಷಯದಲ್ಲಿ ಶೇ. 30 ಮತ್ತು ಒಟ್ಟಾರೆ ಶೇ. 33 ಅಂಕಗಳು ಅಗತ್ಯ.

2023–24ನೆಯ ಸಾಲಿನಲ್ಲಿ ಪೂರಕ ಪರೀಕ್ಷೆಯ ಬದಲಿಗೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ ವ್ಯವಸ್ಥೆ ಬಂದಿದ್ದು, ವಿದ್ಯಾರ್ಥಿಯು ತಾನು ಪಡೆದ ಅತ್ಯುತ್ತಮ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಪರೀಕ್ಷಾ ಕೊಠಡಿಗಳ ವೆಬ್‌ಕಾಸ್ಟಿಂಗ್ ಕೂಡ 2024ರಲ್ಲಿ ಜಾರಿಗೆ ಬಂದಿತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶವು 2024ರ ಮೊದಲ ಪರೀಕ್ಷೆಯಲ್ಲಿ, ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಿದ ಬಳಿಕವೂ, ಶೇ. 73.40ಕ್ಕೆ ಇಳಿಯಿತು. ನಕಲಿನ ಆಸರೆಯಿಲ್ಲದ ಈ ವ್ಯವಸ್ಥೆಯಲ್ಲಿ ಪುನರಾವರ್ತನೆಯ ಗುಣಮಟ್ಟವೇ ನಿರ್ಣಾಯಕವಾಗುತ್ತದೆ.

ಕೋವಿಡ್ ಕಾಲದಲ್ಲಿ ಪರೀಕ್ಷೆಯ ಸ್ವರೂಪ ತಾತ್ಕಾಲಿಕವಾಗಿ ಬದಲಾಗಿತ್ತು. 2021ರಲ್ಲಿ ಮೂರೂ ಭಾಷೆಗಳನ್ನು ಜುಲೈ 22ರಂದು ಒಂದೇ ದಿನ, ಒ.ಎಂ.ಆರ್. ಹಾಳೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಮೂಲಕ ಪರೀಕ್ಷಿಸಲಾಯಿತು. ಆ ವರ್ಷ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಬರೆಯಬೇಕಾಗಿರಲಿಲ್ಲ.

ಇಂಗ್ಲೆಂಡಿನ ಜಿ.ಸಿ.ಎಸ್.ಇ. ಪರೀಕ್ಷೆಯಲ್ಲಿ ಇಂಗ್ಲಿಷ್ ಭಾಷೆ ಮತ್ತು ಇಂಗ್ಲಿಷ್ ಸಾಹಿತ್ಯ ಎರಡು ಪ್ರತ್ಯೇಕ ವಿಷಯಗಳಾಗಿವೆ. ಕರ್ನಾಟಕದಲ್ಲಿ ಎರಡೂ ಒಂದೇ ಪತ್ರಿಕೆಯಲ್ಲಿ ಬೆರೆತಿರುವುದರಿಂದ, ಸಾಹಿತ್ಯ ಭಾಗದ ಉತ್ತರಗಳನ್ನು ಬಾಯಿಪಾಠ ಮಾಡಿ ಭಾಷಾ ಭಾಗದ ಕೊರತೆಯನ್ನು ತುಂಬಿಕೊಳ್ಳುವ ಅವಕಾಶವಿದೆ.

ಪಠ್ಯಭಾಗ

ಕರ್ನಾಟಕ ಪಠ್ಯಪುಸ್ತಕ ಸಂಘವು 2010ರ ದಶಕದಲ್ಲಿ ಹೊರತಂದ ದ್ವಿತೀಯ ಭಾಷಾ ಪುಸ್ತಕದಲ್ಲಿ ಎಂಟು ಗದ್ಯಪಾಠಗಳು, ಎಂಟು ಪದ್ಯಗಳು ಹಾಗೂ ನಾಲ್ಕು ಪೂರಕ ಪಾಠಗಳಿವೆ. ಆರ್. ಕೆ. ನಾರಾಯಣ್ ಅವರ 'ಎ ಹೀರೋ', ಶಾಂತಾ ರಾಮೇಶ್ವರ ರಾವ್ ಅವರ 'ದ ಕಾನ್ಸರ್ಟ್', ಅಂಬೇಡ್ಕರ್ ಕುರಿತ ಪಾಠ ಮತ್ತು ಚಿತ್ರಕಾರ ಸತೀಶ್ ಗುಜ್ರಾಲ್ ಅವರ ಬಾಲ್ಯವನ್ನು ಕುರಿತ ಪಾಠ ಗದ್ಯಭಾಗದಲ್ಲಿವೆ. ಪದ್ಯಭಾಗದಲ್ಲಿ ರಸ್ಕಿನ್ ಬಾಂಡ್ ಅವರ 'ಗ್ರ್ಯಾಂಡ್‌ಮಾ ಕ್ಲೈಂಬ್ಸ್ ಎ ಟ್ರೀ', ಷೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ' ನಾಟಕದಿಂದ ಆಯ್ದ ಪೋರ್ಷಿಯಾಳ ಮಾತು, ಕಾಲಿ ಸಿಬ್ಬರನ 'ದ ಬ್ಲೈಂಡ್ ಬಾಯ್' ಮುಂತಾದವು ಸೇರಿವೆ.

ಪಠ್ಯಾಧಾರಿತ ಪ್ರಶ್ನೆಗಳ ಜೊತೆಗೆ ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದು, ಪದ್ಯದ ಸಾರಾಂಶ, ಪತ್ರಲೇಖನ, ಪ್ರಬಂಧ, ಸುಳುಹುಗಳಿಂದ ಕಥೆ ಬೆಳೆಸುವುದು, ವ್ಯಕ್ತಿಚಿತ್ರ, ಚಿತ್ರವರ್ಣನೆ, ಅಪರಿಚಿತ ಗದ್ಯಭಾಗದ ಗ್ರಹಿಕೆ ಹಾಗೂ ವ್ಯಾಕರಣದ ಪ್ರಶ್ನೆಗಳು ಕೇಳಲ್ಪಟ್ಟಿವೆ. ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ಮಂಡಳಿಯು ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ ಆಯಾ ವರ್ಷದ ಮಾದರಿ ಪ್ರಶ್ನೆಪತ್ರಿಕೆಯೇ ಸಿದ್ಧತೆಗೆ ಆಧಾರವಾಗುತ್ತದೆ.

ಪ್ರಚಲಿತ ಕ್ರಮಗಳು

ಪಾಠಗಳು ಸಾಮಾನ್ಯವಾಗಿ ವರ್ಷಾಂತ್ಯದ ವೇಳೆಗೆ ಮುಗಿದು, ಪೂರ್ವಸಿದ್ಧತಾ ಪರೀಕ್ಷೆಗಳೊಂದಿಗೆ ಪುನರಾವರ್ತನೆ ಬಿರುಸಾಗುತ್ತದೆ. ಶಾಲಾವಧಿಯ ಮೊದಲು ಅಥವಾ ನಂತರ ವಿಶೇಷ ತರಗತಿ, ಗುಂಪು ಅಧ್ಯಯನ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸುವುದು ಮತ್ತು ಶಿಕ್ಷಕರ ಮನೆಭೇಟಿ ಇದರ ಮುಖ್ಯ ಅಂಗಗಳು. ಕಲಿಕೆಯಲ್ಲಿ ಹಿಂದುಳಿದವರಿಗಾಗಿ ಶಿಕ್ಷಕರು ಸಿದ್ಧಪಡಿಸುವ ಕಿರು ಟಿಪ್ಪಣಿಗಳು 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನಿಂದ ರಾಜ್ಯದಾದ್ಯಂತ ಪರಿಚಿತವಾಗಿವೆ. ಇವುಗಳಲ್ಲಿ ಆಯ್ದ ಪದ್ಯದ ಸಾಲುಗಳು, ಪತ್ರದ ಚೌಕಟ್ಟು, ಒಂದೆರಡು ಸಾರಾಂಶಗಳು ಮತ್ತು ಪದೇ ಪದೇ ಕೇಳಲಾದ ಪ್ರಶ್ನೆಗಳ ಸಿದ್ಧ ಉತ್ತರಗಳಿರುತ್ತವೆ.

ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳು ತುಂಗಭದ್ರಾ ಕಾಲುವೆಯ ನೀರಾವರಿಗೆ ಒಳಪಟ್ಟ ಭತ್ತ, ಮೆಣಸಿನಕಾಯಿ ಬೆಳೆಯುವ ಪ್ರದೇಶಗಳು. ಮೆಣಸಿನಕಾಯಿ ಬಿಡಿಸುವ ಹಾಗೂ ಬೇಸಿಗೆ ಭತ್ತದ ಕೆಲಸದ ದಿನಗಳು ಪುನರಾವರ್ತನೆಯ ತಿಂಗಳುಗಳೊಡನೆ ಕೂಡಿಬರುತ್ತವೆ. ಕೂಲಿ ಕುಟುಂಬದ ವಿದ್ಯಾರ್ಥಿಗೆ ಶಾಲೆಯಲ್ಲಿ ಕಳೆಯುವ ಸಮಯವೇ ಓದಿನ ಮುಖ್ಯ ಸಮಯವಾದಾಗ, ಅದನ್ನು ನಕಲು ಬರೆಯುವುದರಲ್ಲಿ ಕಳೆಯಬೇಕೆ, ನೆನಪಿನಿಂದ ಬರೆದು ತಿದ್ದಿಕೊಳ್ಳುವುದರಲ್ಲಿ ಕಳೆಯಬೇಕೆ ಎಂಬ ಆಯ್ಕೆ ಮಹತ್ವದ್ದಾಗುತ್ತದೆ.

ಮಾತೃಭಾಷೆಯ ಪ್ರಭಾವ

ವ್ಯಾಕರಣ ಭಾಗದಲ್ಲಿ ಉಂಟಾಗುವ ಹಲವು ತಪ್ಪುಗಳಿಗೆ ಕನ್ನಡ ಮತ್ತು ಇಂಗ್ಲಿಷ್ ವಾಕ್ಯರಚನೆಗಳ ನಡುವಣ ವ್ಯತ್ಯಾಸ ಕಾರಣವಾಗಿದೆ. ಈ ವ್ಯತ್ಯಾಸವನ್ನು ತಿಳಿದು ಮಾಡುವ ಪುನರಾವರ್ತನೆಯಲ್ಲಿ ಮಾತೃಭಾಷೆಯೇ ಸಾಧನವಾಗಬಲ್ಲದು.

ಉಪಪದಗಳು: ಇಂಗ್ಲಿಷಿನ 'ಎ' ಮತ್ತು 'ಆ್ಯನ್' ಉಪಪದಗಳ ಆಯ್ಕೆಯು ಅಕ್ಷರವನ್ನಲ್ಲ, ಉಚ್ಚಾರಣೆಯನ್ನು ಅವಲಂಬಿಸಿದೆ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಇದು ಸ್ಪಷ್ಟವಾಗುತ್ತದೆ. 'ಅವರ್' (ಗಂಟೆ) ಎಂಬುದು ಸ್ವರದಿಂದ ಆರಂಭವಾಗುವುದರಿಂದ 'ಆ್ಯನ್ ಅವರ್'. 'ಯೂನಿವರ್ಸಿಟಿ' ಎಂಬುದು ಯಕಾರದಿಂದ ಆರಂಭವಾಗುವುದರಿಂದ 'ಎ ಯೂನಿವರ್ಸಿಟಿ'.

ಉಚ್ಚಾರಾಂಶಗಳು: ಪದದಲ್ಲಿರುವ ಸ್ವರಧ್ವನಿಗಳನ್ನು ಎಣಿಸಿದರೆ ಉಚ್ಚಾರಾಂಶಗಳ ಸಂಖ್ಯೆ ದೊರೆಯುತ್ತದೆ. 'ಸ್ಕೂಲ್' ಒಂದು, 'ಟೀಚರ್' ಎರಡು, 'ಬ್ಯೂಟಿಫುಲ್' ಮೂರು. ಆದರೆ ಆಡುಮಾತಿನಲ್ಲಿ ಪದದ ಕೊನೆಗೆ ಉಕಾರ ಸೇರಿಸಿ 'ಸ್ಕೂಲು' ಎನ್ನುವ ರೂಢಿಯಿಂದ ಎಣಿಕೆ ತಪ್ಪುತ್ತದೆ.

ಪೂರ್ವಸರ್ಗಗಳು: ಕನ್ನಡದ 'ಅಲ್ಲಿ' ಎಂಬ ಒಂದೇ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ಹಲವು ರೂಪಗಳಿವೆ. ಊರಿನಲ್ಲಿ ಎಂಬಲ್ಲಿ 'ಇನ್', ಬಸ್ ನಿಲ್ದಾಣದಲ್ಲಿ ಎಂಬಲ್ಲಿ 'ಅಟ್', ಬಸ್ಸಿನಲ್ಲಿ ಎಂಬಲ್ಲಿ 'ಆನ್' ಬರುತ್ತವೆ.

ಪರೋಕ್ಷ ಕಥನ: 'ನಾಳೆ ಬರುತ್ತೇನೆ ಎಂದು ಅವನು ಹೇಳಿದನು' ಎಂಬ ವಾಕ್ಯದಲ್ಲಿ ಕನ್ನಡವು ಮಾತನಾಡಿದವನ ಪುರುಷ ಮತ್ತು ಕಾಲವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಪುರುಷ ಮತ್ತು ಕ್ರಿಯಾಪದದ ಕಾಲ ಬದಲಾಗುವುದಲ್ಲದೆ 'ನಾಳೆ' ಎಂಬುದು 'ಮರುದಿನ' ಎಂದಾಗುತ್ತದೆ.

ಅನುಪ್ರಶ್ನೆಗಳು: ಕನ್ನಡದ 'ಅಲ್ಲವೇ', ತೆಲುಗಿನ 'ಕದಾ' ಎಲ್ಲ ವಾಕ್ಯಗಳಿಗೂ ಸಲ್ಲುತ್ತವೆ. ಇಂಗ್ಲಿಷಿನಲ್ಲಿ ಅನುಪ್ರಶ್ನೆಯು ವಾಕ್ಯದ ಸಹಾಯಕ ಕ್ರಿಯಾಪದ ಹಾಗೂ ಕರ್ತೃವಿಗೆ ಅನುಗುಣವಾಗಿರಬೇಕು. ವಾಕ್ಯ ನಿಷೇಧಾತ್ಮಕವಾಗಿದ್ದರೆ ಅನುಪ್ರಶ್ನೆ ನಿಷೇಧರಹಿತವಾಗಿರುತ್ತದೆ.

ಪುನರಾವರ್ತನೆ ಮತ್ತು ಸ್ಮರಣೆ

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನವು, ಕಲಿತ ವಿಷಯದ ಬಹುಭಾಗ ಮೊದಲ ಕೆಲವು ಗಂಟೆಗಳಲ್ಲಿಯೇ ಮರೆತುಹೋಗುತ್ತದೆ ಎಂಬುದನ್ನೂ, ಅಂತರವಿಟ್ಟು ಮಾಡುವ ಪುನರಾವರ್ತನೆ ಹೆಚ್ಚು ಫಲಕಾರಿ ಎಂಬುದನ್ನೂ ತೋರಿಸಿತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಓದಿದ ಕೂಡಲೇ 'ಬಂತು' ಎನಿಸುವ ಪಾಠ ಪರೀಕ್ಷೆಯ ದಿನ ಕೈಕೊಡುವುದಕ್ಕೆ ಇದು ಒಂದು ವಿವರಣೆ.

ಈ ತತ್ತ್ವವನ್ನು ಇಂಗ್ಲಿಷ್ ಪತ್ರಿಕೆಗೆ ಹೀಗೆ ಅನ್ವಯಿಸಬಹುದು:

- ಗದ್ಯಪಾಠವನ್ನು ಮೊದಲು ಕನ್ನಡದಲ್ಲಿ ಕಥೆಯಾಗಿ ಹೇಳಿ, ನಂತರ ಅದನ್ನೇ ಐದಾರು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು. 'ಎ ಹೀರೋ' ಕಥೆಯಲ್ಲಿ ತಂದೆಯ ಸವಾಲು, ಸ್ವಾಮಿಯ ಭಯ, ಕಳ್ಳನ ಕಾಲನ್ನು ಕಚ್ಚಿದ ಘಟನೆ ಎಂಬ ಮೂರು ಹಂತಗಳನ್ನು ಅರಿತವರು ಪ್ರಶ್ನೆ ಹೇಗೆ ಬಂದರೂ ಉತ್ತರಿಸಬಲ್ಲರು. ಸಿದ್ಧ ಉತ್ತರ ಕಲಿತವರಿಗೆ ಪ್ರಶ್ನೆಯ ಒಂದು ಪದ ಬದಲಾದರೂ ತೊಡಕಾಗುತ್ತದೆ.
- ಕಂಠಪಾಠದ ಪದ್ಯವನ್ನು ಅರ್ಥ ತಿಳಿದು, ಪುಸ್ತಕ ಮುಚ್ಚಿ ಬರೆದು, ಕಾಗುಣಿತ ಹಾಗೂ ಲೇಖನ ಚಿಹ್ನೆಗಳನ್ನು ಮೂಲದೊಡನೆ ಹೋಲಿಸುವುದು.
- ಪತ್ರದ ಚೌಕಟ್ಟನ್ನು ಒಮ್ಮೆ ಕಲಿತು, ಪ್ರತಿವಾರ ಬೇರೆ ಬೇರೆ ವಿಷಯಗಳ ಮೇಲೆ ಪತ್ರ ಬರೆಯುವುದು.
- ಒಂದು ದಿನ ತಿದ್ದಿದ ತಪ್ಪುಗಳನ್ನು ಮೂರು ದಿನ, ಒಂದು ವಾರ ಮತ್ತು ಒಂದು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳುವುದು.

ಪ್ರಬಂಧ ಮತ್ತು ವರ್ಣನೆಗೆ ಸ್ಥಳೀಯ ವಿಷಯಗಳೂ ಒದಗುತ್ತವೆ. ಕಾಲುವೆಯ ನೀರು, ಭತ್ತದ ಗದ್ದೆ, 1960ರ ದಶಕದಲ್ಲಿ ಉತ್ಖನನ ನಡೆದ ತೆಕ್ಕಲಕೋಟೆಯ ನವಶಿಲಾಯುಗದ ಬೆಟ್ಟದ ನೆಲೆಗಳು ವಿದ್ಯಾರ್ಥಿಗೆ ಕಂಡು ಗೊತ್ತಿರುವ ಸಂಗತಿಗಳು. ತಿಳಿದ ಸಂಗತಿಯನ್ನು ಬರೆಯುವಾಗ ಶ್ರಮವೆಲ್ಲ ಭಾಷೆಯ ಕಡೆಗೇ ಸಲ್ಲುತ್ತದೆ.

ಟೀಕೆ ಮತ್ತು ಮಹತ್ವ

ಪಾಸಿಂಗ್ ಪ್ಯಾಕೇಜ್ ಕ್ರಮವು ವಿದ್ಯಾರ್ಥಿಯನ್ನು ಪರೀಕ್ಷೆಯಲ್ಲಿ ದಾಟಿಸುತ್ತದೆಯೇ ಹೊರತು ಭಾಷೆಯನ್ನು ಕಲಿಸುವುದಿಲ್ಲ ಎಂಬುದು ಅದರ ಮೇಲಿನ ಮುಖ್ಯ ಟೀಕೆ. ಹತ್ತು ವರ್ಷಗಳ ಕಲಿಕೆಯ ಕೊರತೆಯನ್ನು ಕೊನೆಯ ಎರಡು ತಿಂಗಳಲ್ಲಿ ತುಂಬಲಾಗದು, ಅನುತ್ತೀರ್ಣತೆಯಿಂದ ಶಾಲೆ ಬಿಡುವುದಕ್ಕಿಂತ ಇದು ಮೇಲು ಎಂಬುದು ಅದರ ಪರವಾದ ವಾದ. ಎರಡೂ ವಾದಗಳು ಒಪ್ಪುವ ಅಂಶವೆಂದರೆ, ಕಿರು ಟಿಪ್ಪಣಿಯು ಆರಂಭವಾಗಬಹುದು, ಅದೇ ಪೂರ್ತಿ ಸಿದ್ಧತೆಯಾಗಲಾರದು.

ಈ ಪ್ರಮಾಣಪತ್ರದ ಮೇಲೆ ಮುಂದಿನ ಹಲವು ದಾರಿಗಳು ನಿಂತಿವೆ. ಪದವಿಪೂರ್ವ ಶಿಕ್ಷಣ ಮತ್ತು ಪಾಲಿಟೆಕ್ನಿಕ್ ಪ್ರವೇಶಕ್ಕೆ ಎಸ್.ಎಸ್.ಎಲ್.ಸಿ. ಉತ್ತೀರ್ಣತೆ ಬೇಕು. ಸಂವಿಧಾನದ 371(ಜೆ) ವಿಧಿಯಡಿ ಬಳ್ಳಾರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8 ಸ್ಥಾನಗಳ ಮೀಸಲಾತಿ 2013ರಲ್ಲಿ ಜಾರಿಗೆ ಬಂದಿತು. ಹತ್ತನೆಯ ತರಗತಿಯಲ್ಲಿಯೇ ಓದು ನಿಂತವರಿಗೆ ಈ ಸ್ಥಾನಗಳು ನಿಲುಕುವುದಿಲ್ಲ. ಇನ್ನು ಕನ್ನಡ ಮಾಧ್ಯಮದಲ್ಲಿ ಓದಿ ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಸೇರುವವರು ವಿಜ್ಞಾನ ವಿಷಯಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಓದಬೇಕಾಗುತ್ತದೆ. ಅಲ್ಲಿ ಅವರಿಗೆ ನೆರವಾಗುವುದು ಬಾಯಿಪಾಠ ಮಾಡಿದ ಉತ್ತರವಲ್ಲ, ತಾವೇ ಒಂದು ವಾಕ್ಯ ಕಟ್ಟಬಲ್ಲ ಸಾಮರ್ಥ್ಯ.